ದೃಷ್ಟಿಗೆ ಹೆದರಿ ಬರೆದ ಸುಳ್ಳು

ಇಸವಿ ೨೧೮೪, ಫೆಬ್ರವರಿ ೩೦
ಗಾಳಿಕಂಬದ ಕೇರಿ, ಗದಗ ಸೀಮೆ

ಅಜ್ಜಿ ವಿಶಾಲಾಕ್ಷಿಗೆ ಗುರಬಸವ್ವ ಮಾಡುವ ನಮಸ್ಕಾರಗಳು. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವಂತೆ. ನಮಗೆ ಇದೆ, ಅದರಿಂದ ಸುಖವೇನೂ ಹೆಚ್ಚಾಗಿಲ್ಲ. ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಈ ಕಾಗದ ಮುಟ್ಟುವಾಗ ನಿನಗಿನ್ನೂ ಇಪ್ಪತ್ತಾರು, ನನಗೆ ಎಪ್ಪತ್ತು ದಾಟಿದೆ. ಅದಕ್ಕೇ ಏಕವಚನ. ನಾನು ಕಲಿತದ್ದು ಊರ ಸಾಲೆಯ ನಾಲ್ಕನೆಯ ಇಯತ್ತೆ. ಮಾತು ವಿಚಿತ್ರವಾಗಿ ಕಂಡರೆ ಹೊಟ್ಟೆಗೆ ಹಾಕಿಕೋ.

ಬಿಡದೆ ಅಂತರ್ಜಾಲ ಓದಿ ಸಂಗತಿ ತಿಳಿದುಕೊಳ್ಳುವುದನ್ನು ನಿಮ್ಮ ಕಾಲದವರು ಕಂಪ್ಯೂಟರಿಗೆ ಕಲಿಸಿದರಲ್ಲ, ಅದು ಇನ್ನೂ ಓದುತ್ತಲೇ ಇದೆ. ನಾವು ಅದನ್ನು ಬಿಡದೋದು ಎನ್ನುತ್ತೇವೆ. ಒಂದು ಮಾತು ಹಲವು ಕಡೆ ಸಿಕ್ಕರೆ ಅದರ ಪಾಲಿಗೆ ಗಟ್ಟಿಮಾತು, ಆಮೇಲೆ ಅಳಿಸುವವರಿಲ್ಲ. ಇಲ್ಲಿಯ ಹೆಂಗಸರು ಬೆಳಗಾದರೆ ರೊಟ್ಟಿ ಕಟ್ಟಿಕೊಂಡು ಕರೆಂಟಿನ ಗಾಳಿಕಂಬ ಹತ್ತುತ್ತಾರೆ. ರೆಕ್ಕೆಯ ಧೂಳು ಒರೆಸಿ, ಬಿರುಕು ಮೆತ್ತಿ, ಮಧ್ಯಾಹ್ನ ಮೇಲೆಯೇ ಕೂತು ಉಂಡು, ಕೆಳಗಿನವರನ್ನು ಆಡಿಕೊಂಡು ನಗುತ್ತಾರೆ. ಹತ್ತಲು ಬಿಡದೋದಿನ ಒಪ್ಪಿಗೆ ಬೇಕು.

ನನ್ನ ಮೊಮ್ಮಗಳು ಸೋಮಕ್ಕ ನಡೆಯುವ ಮೊದಲೇ ಕಿಟಕಿ ಹತ್ತಿದವಳು. ಅವಳ ಸರದಿ ಬಂದಾಗ ಅದು ಒಪ್ಪಲಿಲ್ಲ. ಈ ಮನೆತನದ ಮಕ್ಕಳ ಎದೆ ದುರ್ಬಲ ಎಂದಿತು. ಆಧಾರ ಕೇಳಿದರೆ, ಅಂತರ್ಜಾಲದಲ್ಲಿ ನಿನ್ನ ಮಗಳ ಫೋಟೋ ಯಾರೋ ಹೊಗಳಿದ್ದಕ್ಕೆ ನೀನು ಕೆಳಗೆ ಬರೆದದ್ದನ್ನು ತೋರಿಸಿತು: "ಏನ್ ಚಂದ ಬಿಡ್ರಿ ಅಕ್ಕಾ, ಕಡ್ಡಿ ಆಗ್ಯಾಳ. ನಾಕ್ ಹೆಜ್ಜಿ ಇಟ್ರ ಉಸ್ರು ಹತ್ತತೈತಿ." ನಿನ್ನ ನಾದಿನಿ, ನೆಗೆಣ್ಣಿಯರೂ ತಮ್ಮ ಮಕ್ಕಳ ಬಗ್ಗೆ ಅದನ್ನೇ ಬರೆದಿದ್ದಾರೆ. ಫೋಟೋದಲ್ಲಿ ಕೂಸಿನ ಕೆನ್ನೆ ಬೆಲ್ಲದ ಅಚ್ಚಿನ ಹಾಗಿತ್ತು. ಕಣ್ಣು ಬೀಳಬಾರದೆಂದು ನೀನು ಹಾಗೆ ಬರೆದೆ ಎಂದು ನನಗೆ ತಿಳಿಯಿತು, ಅದಕ್ಕೆ ತಿಳಿಯಲಿಲ್ಲ. ಅದಕ್ಕೇನು ಯಾವ ತಾಯಿಯಾದರೂ ದೃಷ್ಟಿಬೊಟ್ಟು ಇಟ್ಟು ಬೆಳೆಸಿದ್ದಾಳೆಯೇ? ಹೋಗಿ ಬಿಡದೋದಿಗೆ ತಿಳಿಸಿ ಹೇಳಿದೆ. ಬದುಕಿರುವವಳು ನಾನೊಬ್ಬಳು, ಸತ್ತ ನೀವು ಅಷ್ಟು ಮಂದಿ. ನನ್ನ ಸಾಕ್ಷಿ ನಡೆಯಲಿಲ್ಲ.

ಕಂಬ ತಪ್ಪಿದ್ದನ್ನು ತಡೆದುಕೊಂಡೇನು. ಆದರೆ ಸೋಮಕ್ಕ ಅದರ ಮಾತು ನಂಬಿದಳು. ಈಗ ಕೊಡ ಎತ್ತುವ ಮೊದಲು ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. ನಿನ್ನೆ ಓರಗೆಯವರು ಮೇಲಿನಿಂದ, "ಏ ಸೋಮಿ, ಮಾರಿ ಅರ ತೋರ್ಸಲೇ" ಎಂದು ಕೂಗಿದರು. ಇವಳು ತಲೆಯೆತ್ತಲಿಲ್ಲ. "ನನಗ ಉಸ್ರು ಹತ್ತತೈತಿ, ಅಜ್ಜಿ" ಎಂದು ಒಳಗೆ ಹೋದಳು.

ವಿಶಾಲಾಕ್ಷಿ, ನಿಜ ಬರೆ. ಕೂಸು ಗಟ್ಟಿಯಿದೆ, ಓಡಿದರೆ ಹಿಡಿಯಲು ಆಗುವುದಿಲ್ಲ ಎಂದು ಬರೆ. ನೆಗೆಣ್ಣಿಯರಿಗೂ ಹೇಳು. ದೃಷ್ಟಿಯಾದರೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕು, ಮುಗಿಯಿತು. ನಾನು ಇವಳಿಗೆ ಏನನ್ನು ನಿವಾಳಿಸಲಿ?

ನಿನ್ನ ಮೊಮ್ಮಗಳ ಮೊಮ್ಮಗಳು,
ಗುರಬಸವ್ವ