ಬಿಡಿಹೊಲಿಗೆಯ ಭುಜಪಟ್ಟಿ

೨೫ ಫೆಬ್ರವರಿ ೧೯೧೯, ನೌಂಬುರ್ಗ್

ತಂಗಿ ಹೆಡ್ವಿಗ್, ಮಂಡಿನೋವು ಹೇಗಿದೆ? ಓಟ್ಮಾರ್ ಭಾವನ ಕೆಮ್ಮು ಇಳಿಯಿತೇ? ಪುಟ್ಟ ಮೊಮ್ಮಗಳು ಗೆರ್ಟಿಗೆ ಹಲ್ಲು ಬಂತೇ? ಮುಷ್ಕರ... ರೈಲಿಲ್ಲ, ಅಂಚೆಯಿಲ್ಲ. ನಿನಗೆ ಬರೆಯಬೇಕಾದ್ದನ್ನು ಡೈರಿಯಲ್ಲೇ ಗೀಚುತ್ತಿದ್ದೇನೆ. ಬೆಳಿಗ್ಗೆ ಟರ್ನಿಪ್ ಗಂಜಿ, ಆಮೇಲೆ ದರ್ಜಿಮೇಜು, ಕತ್ತರಿ. ಇಷ್ಟೇ ನನ್ನ ದಿನ.

ನಿನ್ನ ಮಗ ಫೋಲ್ಕ್‌ಮಾರ್ ಮಹಡಿಯಲ್ಲಿದ್ದಾನೆ. ಚಕ್ರವರ್ತಿ ಓಡಿಹೋದ ವಾರ ಸ್ಟೇಷನ್ನಿನಲ್ಲಿ ಸಿಪಾಯಿಗಳ ಗುಂಪು ಅವನ ಲೆಫ್ಟಿನೆಂಟ್ ಭುಜಪಟ್ಟಿ ಕಿತ್ತಿತಲ್ಲ — ಅಂದಿನಿಂದ ಹೊಸ್ತಿಲು ದಾಟಿಲ್ಲ. ಕೋಟು ಮೊಳೆಗೆ ನೇತಾಡುತ್ತಿದೆ. ಬಿಸಿಲಿಗೆ ಎಲ್ಲ ಮಾಸಿದೆ, ಪಟ್ಟಿಯಿದ್ದ ಜಾಗ ಮಾತ್ರ ಇನ್ನೂ ಹಸಿರು. ನೋಡುತ್ತ ಕೂತರೆ ಎರಡು ಪುಟ್ಟ ಕೊಳದ ಹಾಗೆ... ಇಣುಕಿದರೆ ಮೀನು ಕಂಡೀತು.

೨೭ ಫೆಬ್ರವರಿ

ಹೊಸ ಸರ್ಕಾರದ ಆಜ್ಞೆ: ಭುಜಪಟ್ಟಿ ಬೇಡ, ದರ್ಜೆಯ ಗುರುತಾಗಿ ಎಡತೋಳಿಗೆ ನೀಲಿ ಬಟ್ಟೆಯ ಪಟ್ಟಿ. ಇವನು ನಿಮ್ಮೂರಿನ ಹೊಸ ದಳಕ್ಕೆ ಬೇಗ ಹಾಜರಾಗಬೇಕು, ಇಲ್ಲವಾದರೆ ಕೆಲಸ ಹೋಯಿತು. ನೀಲಿ ಕತ್ತರಿಸಿ ತೋರಿಸಿದೆ.

"ಇದೇನ್ ಮಾವ, ಟ್ರಾಮ್ ಕಂಡಕ್ಟರ್ ವೇಷಾನಾ?"

"ಕಂಡಕ್ಟರ್‌ಗೆ ಸಂಬಳ ಬರತ್ತೆ ಕಣಪ್ಪ. ನಿನಗೆ?"

ನೀಲಿ ತುಂಡನ್ನು ನನ್ನತ್ತಲೇ ಎಸೆದ.

೧ ಮಾರ್ಚ್

ಮಧ್ಯಾಹ್ನ ಮೇಜಿಗೊರಗಿ ಜೊಂಪು. ಕನಸಿನಲ್ಲಿ ಇಡೀ ರೆಜಿಮೆಂಟು ಜಾಲೆ ನದಿಯ ಮಂಜಿನ ಮೇಲೆ ನಡೆಯುತ್ತಿದೆ. ಯಾರಿಗೂ ಭುಜವೇ ಇಲ್ಲ. ನೀಲಿ ಪಟ್ಟಿಗಳು ತೋಳು ಬಿಟ್ಟು ನೀರಿಗಿಳಿದು ಹರಿಯುತ್ತಿವೆ... ಎಚ್ಚರವಾದರೆ ಎದುರಿಗೆ ಅವನೇ. ಕೈಯಲ್ಲಿ ಪೆಟ್ಟಿಗೆಯಲ್ಲಿದ್ದ ಇನ್ನೊಂದು ಹಳೆಯ ಜೊತೆ ಬೆಳ್ಳಿ ಭುಜಪಟ್ಟಿ.

"ಹೊಲೀರಿ."

"ಹುಚ್ಚಾ? ಸೇತುವೆ ಸೇತುವೆಗೂ ಅದೇ ಸಿಪಾಯಿಗಳ ಕಾವಲಿದೆ. ಪಟ್ಟಿ ಕಂಡ್ರೆ ನದಿಗೇ ಎಸೀತಾರೆ."

"ಎಸೀಲಿ. ಬೋಳು ಭುಜ ಹೊತ್ಕೊಂಡು ಅಮ್ಮನ ಮುಂದೆ ನಿಲ್ಲಲ್ಲ, ಮಾವ."

ನಿನ್ನ ಮಗನೇ ಸರಿ. ಅದೇ ಮೊಂಡು.

೩ ಮಾರ್ಚ್

ಹೊಲಿದುಕೊಟ್ಟೆ.

ನವೆಂಬರಿನಲ್ಲಿ, ಆ ಸ್ಟೇಷನ್ನಿನಲ್ಲಿ, ಪಟ್ಟಿ ಸುಲಭಕ್ಕೆ ಬರಲಿಲ್ಲ, ತಂಗಿ. ಮೇಣ ಹಚ್ಚಿದ ಜೋಡಿ ನೂಲು, ನನ್ನದೇ ಹೊಲಿಗೆ. ಜಗ್ಗಿದರು, ನೂಲು ಬಿಡಲಿಲ್ಲ, ಆಳೇ ಉರುಳಿದ. ಅವನ ಕೊರಳೆಲುಬು ಮುರಿದದ್ದು ಹಾಗೆ. ನಿನಗೆ ಜಾರಿಬಿದ್ದೆ ಎಂದು ಬರೆದಿದ್ದಾನೆ.

ಈ ಸಲ ಒಂದೇ ಎಳೆ. ಮೇಣವಿಲ್ಲ, ಗಂಟಿಲ್ಲ. ಬೆರಳು ಸಿಕ್ಕಿಸಿದರೆ ಹೂವಿನ ಎಸಳಿನಂತೆ ಕೈಗೆ ಬರಬೇಕು. ಅವನಿಗೆ ಹೇಳಲಿಲ್ಲ.

ಕನ್ನಡಿ ಮುಂದೆ ನಿಂತ. ಎಷ್ಟು ದಿನಕ್ಕೆ ಬೆನ್ನು ನೆಟ್ಟಗಾಯಿತು! "ನಿಮ್ಮ ಕೈ ಅಂದ್ರೆ ಕೈ, ಮಾವ. ಇದನ್ನ ಯಾರಪ್ಪ ಕೀಳ್ತಾನೋ ನೋಡ್ತೀನಿ."

"ನಿಧಾನಕ್ಕೆ ಹೋಗು," ಅಂದೆ.

ರೊಟ್ಟಿಚೀಲದ ತಳಕ್ಕೆ ನೀಲಿ ತುಂಡು, ಸೂಜಿ, ನೂಲು ತುರುಕಿದೆ. ಮೇಲಂಗಿ ಹೊದ್ದು ಬೆಳಗಿನ ಮಂಜಿಗಿಳಿದ. ನಡೆದೇ ಹೊರಟ, ಮೆರ್ಸೆಬುರ್ಗಿಗೆ, ನಿನ್ನ ಮನೆಗೆ. ಮೊದಲು ಕಾಲು ಮಾಯ, ಆಮೇಲೆ ಬೆನ್ನು... ಕೊನೆಗೆ ಭುಜ.

೧೧ ಮಾರ್ಚ್

ರೈಲಿನ ಸಿಳ್ಳೆ ಕೇಳಿತು. ಅಂಚೆ ಶುರುವಂತೆ. ಈ ಹಾಳೆಗಳನ್ನೇ ಹರಿದು ಕಳಿಸುತ್ತೇನೆ.

ನಿಮ್ಮ ಕಡೆಯ ಸೇತುವೆಯಲ್ಲಿ ಗಲಾಟೆ ಎಂದು ಹಾಲಿನವಳು ಹೇಳಿದಳು. ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಬಾಗಿಲು ಹಾಕಿಕೊಂಡೆ.

ಹೆಡ್ವಿಗ್, ಅವನು ಬಂದನೇ? ಪಟ್ಟಿ ಉಳಿಯಿತೇ ಅಂತ ಕೇಳುತ್ತಿಲ್ಲ. ಬೋಳು ಭುಜದಲ್ಲಿ ಬಂದಿದ್ದರೆ ಬಾಯ್ತುಂಬ ಬೈಯಲಿ, ನನ್ನ ಹೊಲಿಗೆ ಹಾಳು ಎನ್ನಲಿ. ಆ ಬೈಗುಳವನ್ನೇ ಬರೆದು ಕಳಿಸು. ಬೇಗ ಬರೆ. ಇವತ್ತೇ, ಒಂದೇ ಸಾಲು —