ಕಾಲಿಡಬಾರದ ಮಕ್ಕಳ ಉದ್ಯಾನ

ಅಂಬಿಕಾ,

ಈ ಸಲ 'ಪ್ರೀತಿಯ' ಅಂತ ಬರೆಯಲು ಕೈ ಬರುತ್ತಿಲ್ಲ. ಎರಡೇ ಬೀದಿ ಆಚೆ ಇರುವ ನಿನಗೆ ಪತ್ರ ಯಾಕೆಂದರೆ, ಎದುರಿಗೆ ಬಂದರೆ ನಾನು ಕೂಗಾಡುತ್ತೇನೆ, ನೀನು ಮಂಡಕ್ಕಿ ಒಗ್ಗರಣೆ ಹಾಕಿಕೊಟ್ಟು ಬಾಯಿ ಮುಚ್ಚಿಸುತ್ತೀಯ. ಹಾಗೆ ಮುಚ್ಚಿಸಿಕೊಂಡಿದ್ದು ಸಾಕು.

ಅಕ್ಕನ ಮಂಡಿ ಆಪರೇಷನ್ನಿಗೆಂದು ಹರಿಹರಕ್ಕೆ ಹೋಗಿದ್ದವಳು ಮೊನ್ನೆ ವಾಪಸ್ ಬಂದೆ. ಬಾಗಿಲ ಸಂದಿಯಲ್ಲಿ ನಿನ್ನ ಆಮಂತ್ರಣ ಪತ್ರಿಕೆ. ಭಾನುವಾರ ನಮ್ಮ ಬಡಾವಣೆಯ 'ಮಕ್ಕಳ ಪ್ರಕೃತಿ ಉದ್ಯಾನ'ದ ಉದ್ಘಾಟನೆ; ಸಂಘದ ಅಧ್ಯಕ್ಷೆ ನೀನು, ಮುಖ್ಯ ಅತಿಥಿ ನಾನು. ಚಪ್ಪಲಿ ಮೆಟ್ಟಿಕೊಂಡು ನಾವು ಬೆಳೆಸಿದ ಜಾಗಕ್ಕೆ ಹಾಗೇ ಓಡಿದೆ. ಅರ್ಧ ಜಾಗ ಬೋಳಾಗಿತ್ತು. ಅದರ ಮೇಲೆ ಲಾರಿಯಲ್ಲಿ ತಂದ ಹುಲ್ಲಿನ ಹಾಸು, ನಡುವೆ ಸಿಮೆಂಟಿನ ಜಿಂಕೆ, ಪಕ್ಕದಲ್ಲಿ ಹುಲ್ಲಿನ ಮೇಲೆ ಕಾಲಿಡಬಾರದು ಅಂತ ಬೋರ್ಡು. ಮಕ್ಕಳ ಉದ್ಯಾನದಲ್ಲಿ ಮಕ್ಕಳು ಕಾಲನ್ನು ಇನ್ನೆಲ್ಲಿಡಬೇಕು, ತಲೆಯ ಮೇಲಾ?

ಆ ಜಾಗ ಹೇಗಿತ್ತು, ನೆನಪಿದೆಯಾ? ವಿದ್ಯಾನಗರದಲ್ಲಿ ಯಾರ ಮನೆ ಕೆಡವಿದರೂ ಕಲ್ಲುಮಣ್ಣು ಬಂದು ಬೀಳುತ್ತಿದ್ದದ್ದು ಅಲ್ಲಿಗೇ. ಒಡೆದ ಕಮೋಡು, ಟೈಲ್ಸ್ ಚೂರು, ಗಾಜು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಅದನ್ನೆಲ್ಲ ಹೊತ್ತು ಹಾಕಲು ಮೊದಲು ಪುಟ್ಟಿ ಹಿಡಿದವರು ನಾವಿಬ್ಬರು. ಆಮೇಲೆ ಬೀದಿಯ ಹೆಂಗಸರು ಬಂದರು, ಅವರ ಹಿಂದೆ ಮಕ್ಕಳು. ಮಳೆ ನೀರು ಪಕ್ಕದ ಹಳ್ಳಕ್ಕೆ ಓಡಿಹೋಗದಂತೆ ಬದು ಹಾಕಿದೆವು. ಮಕ್ಕಳನ್ನು ಬಾತಿ ಗುಡ್ಡಕ್ಕೆ ಕರೆದೊಯ್ದು ಬೀಜ ಆರಿಸಿಕೊಂಡು ಬಂದೆವು. ನಾನು ಸಾಲು ಹಿಡಿದು ಗಿಡ ನೆಡೋಣ ಅಂದಾಗ ಬೈದವಳು ನೀನು. "ಬಂದಿದ್ದು ಬರ್ಲಿ ಬಿಡು. ಇಲ್ಲಿ ಏನ್ ಬರ್ಬೇಕು ಅಂತ ಮಣ್ಣಿಗೆ ಗೊತ್ತೈತೆ" ಅಂದಿದ್ದೆ.

ಬಂತಲ್ಲ. ತುಂಬೆ ಬಂತು, ಎಕ್ಕ ಬಂತು, ಬಾರಿ ಗಿಡ ಬಂತು. ಎಕ್ಕದ ಎಲೆಯ ಮೇಲೆ ಪಟ್ಟೆ ಪಟ್ಟೆ ಹುಳ ಕಂಡು ಕಿರುಚಿದ ಮಕ್ಕಳನ್ನು ಕೂರಿಸಿಕೊಂಡು, ಅದು ಚಿಟ್ಟೆಯಾಗುವವರೆಗೂ ದಿನಾ ಸಂಜೆ ನೋಡಲು ಕಲಿಸಿದವಳು ನೀನು. ಮೊಬೈಲ್ ಕೊಡದಿದ್ದರೆ ಅನ್ನ ಮುಟ್ಟದ ಮಕ್ಕಳು ಬಾರಿ ಹಣ್ಣಿಗೋಸ್ಕರ ಮುಳ್ಳು ಚುಚ್ಚಿಸಿಕೊಂಡು ನಗುತ್ತಿದ್ದರು. ನಿನ್ನನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಇವತ್ತು ಹೇಳುತ್ತೇನೆ.

ಈಗ ಒಂದು ಕೇರೆ ಹಾವು ಕಂಡಿತಂತೆ. ವಾಟ್ಸಾಪ್ ಗ್ರೂಪಿನಲ್ಲಿ ಸಂಜೆಯೊಳಗೆ ಅದು ನಾಗರಹಾವಾಯಿತಂತೆ. ಜನ ಹೆದರಿದ್ದಕ್ಕೆ ನನಗೆ ಸಿಟ್ಟಿಲ್ಲ, ಹೆತ್ತವರಿಗೆ ಹೆದರಿಕೆ ಇದ್ದೇ ಇರುತ್ತದೆ. ನನ್ನ ಸಿಟ್ಟು ನಿನ್ನ ಮೇಲೆ. ಕೇರೆ ಇಲಿ ತಿನ್ನುತ್ತದೆ, ಅದಕ್ಕೆ ವಿಷವಿಲ್ಲ ಅಂತ ಮಕ್ಕಳಿಗೆ ಹೇಳಿಕೊಟ್ಟ ಬಾಯಿ ಅವರಪ್ಪ ಅಮ್ಮಂದಿರ ಮುಂದೆ ಯಾಕೆ ಕಟ್ಟಿಹೋಯಿತು? ಫೋನಿನಲ್ಲಿ ಕೇಳಿದರೆ, "ಎಲ್ರೂ ಮನೆ ಬಾಗ್ಲಿಗೆ ಬಂದ್ರು. ನಾಳೆ ಏನಾರ ಆದ್ರೆ ಯಾರು ಹೊಣೆ? ಕ್ಲೀನ್ ಮಾಡ್ಸಿಬಿಟ್ಟೆ" ಅಂದು ನೀನು ಫೋನ್ ಇಟ್ಟುಬಿಟ್ಟೆ. ಕ್ಲೀನ್ ಅಂತೆ. ಗಾಜಿನ ಚೂರು ಬಿದ್ದಿದ್ದಾಗ ಇವರಲ್ಲಿ ಒಬ್ಬರೂ ನಿನ್ನ ಬಾಗಿಲಿಗೆ ಬಂದಿರಲಿಲ್ಲ.

ನಾನಲ್ಲಿ ನಿಂತಿದ್ದಾಗ ಖುರ್ಷೀದಾ ಇದ್ದಳು. ಮೂರನೇ ಕ್ಲಾಸಿನ ಹುಡುಗಿ, ಸದಾ ನಿನ್ನ ಹಿಂದೆಯೇ ಸುತ್ತುತ್ತಿದ್ದವಳು. ಎಕ್ಕದ ಗಿಡ ಇದ್ದ ಕಡೆ ಹುಲ್ಲಿನ ಅಂಚು ಎತ್ತಿ ಎತ್ತಿ ಹುಳ ಹುಡುಕುತ್ತಿದ್ದಳು. ನನ್ನ ಕಡೆ ತಿರುಗಿ, "ಹಾವು ನಮ್ಮನ್ನ ಕಂಡ್ರೆ ತಾನೇ ಸರಿದು ಹೋಗ್ತಿತ್ತು ಆಂಟಿ. ಜೆಸಿಬಿ ಸರೀಲಿಲ್ಲ" ಅಂದಳು. ಇದಕ್ಕೆ ಉತ್ತರ ನಿನಗೆ ಹೊಳೆದರೆ ಅವಳಿಗೇ ಹೇಳು.

ಹಳ್ಳದ ಕಡೆಯ ಅರ್ಧ ಇನ್ನೂ ಉಳಿದಿದೆ. ಶನಿವಾರ ಬೆಳಿಗ್ಗೆ ಅದನ್ನೂ ಸವರಿಸುತ್ತೀಯಂತೆ. ಭಾನುವಾರ ಅತಿಥಿಯಾಗಿ ನಾನು ಬರುವುದಿಲ್ಲ, ಹೆಸರು ಹೊಡೆದುಹಾಕು. ಶನಿವಾರ ಮಾತ್ರ ಬರುತ್ತೇನೆ. ದಸರಾ ರಜೆ, ಮಕ್ಕಳೂ ಇರುತ್ತಾರೆ. ಮನೆಮನೆಗೆ ಹೋಗಿ ಕೇಳಿದ್ದೇನೆ, ಹೆದರಿದ್ದ ತಾಯಂದಿರಲ್ಲೂ ಕೆಲವರು ಹೂಂ ಅಂದಿದ್ದಾರೆ. ಆ ಗಿಡಗಳ ಕೆಳಗೆ ಕೂತಿರುತ್ತೇವೆ. ಜೆಸಿಬಿ ಡ್ರೈವರ್‌ಗೆ ನಾನು ಒಂದು ಮಾತೂ ಅನ್ನುವುದಿಲ್ಲ, ಅವನು ಕೂಲಿಗೆ ಬಂದವನು. ವಾಚ್‌ಮನ್ನನ್ನೂ ಕಳಿಸಬೇಡ. ಮಕ್ಕಳನ್ನು ಎಬ್ಬಿಸುವುದಾದರೆ ನೀನೇ ಬಾ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಎಬ್ಬಿಸು. ನಿನಗೆ ಎಲ್ಲರ ಹೆಸರೂ ಗೊತ್ತು.

ನಿನಗೆ ಒಳ್ಳೆಯದಾಗಲಿ. ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಆದರೆ ಮನಸಾರೆ.

ಇನ್ನೂ ನಿನ್ನ ಗೆಳತಿಯೇ ಆಗಿರುವ,
ಚೌಡೇಶ್ವರಿ