ಕುಮಟೆಯಲ್ಲಿ ನನಗಾದ ಸನ್ಮಾನ

ಶಿರಾಲಿ
೨೪ ನವೆಂಬರ್ ೨೦೦೯

ಪ್ರೀತಿಯ ಪಾಂಡಣ್ಣನಿಗೆ, ಮಾಬ್ಲನ ನಮಸ್ಕಾರ.

ಮೂರು ತಿಂಗಳಿಂದ ನಿನಗೆ ಒಂದು ಮಾತು ಮುಚ್ಚಿಟ್ಟಿದ್ದೇನೆ. ಆಗಸ್ಟಿನಲ್ಲಿ ನಾನು ಊರಿಗೆ ಬಂದದ್ದು ಗೋವಾದಿಂದಲ್ಲ, ಪುಣೆಯಿಂದ. ಹಂದಿಜ್ವರದ ಗಲಾಟೆಯಲ್ಲಿ ನಾನಿದ್ದ ಹೊಟೇಲು ಮುಚ್ಚಿತ್ತು. ರೈಲು ಇಳಿಯುವಾಗಲೇ ನನ್ನ ಮೈ ಸುಡುತ್ತಿತ್ತು. ಅದಾದ ಐದನೆಯ ದಿನ ಚಿಕ್ಕಮ್ಮ ಹಾಸಿಗೆ ಹಿಡಿದಳು. ನಿನ್ನ ತಾಯಿಗೆ ಆ ರೋಗ ತಂದವನು ನಾನು.

ಇಷ್ಟು ತಡವಾಗಿ ಬರೆದು ಕ್ಷಮಿಸು ಎನ್ನಲು ಮುಖವಿಲ್ಲ. ನೀನು ಮಲ್ಪೆಯಲ್ಲಿ ಬೋಟು ಹತ್ತಿದರೆ ವಾರಗಟ್ಟಲೆ ಸಿಗುವುದಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಸಿಕ್ಕಾಗಲೂ ಫೋನಿನಲ್ಲಿ "ಊಟ ಆತಾ?" ಎಂದಷ್ಟೇ ಕೇಳಿ ಇಟ್ಟುಬಿಟ್ಟೆ.

ಇಲ್ಲಿ ಭತ್ತದ ಕೊಯ್ಲು ಮುಗಿಯಿತು. ಚಿಕ್ಕಮ್ಮ ತೀರಿಕೊಳ್ಳುವ ಮೊದಲು ಹಾಕಿದ್ದ ಬಸಳೆ ಚಪ್ಪರ ತುಂಬಿದೆ. ಕೊಯ್ಯಲು ಕೈ ಹೋಗುವುದಿಲ್ಲ.

ಮೊನ್ನೆ ಭಾನುವಾರ ಕುಮಟೆಯ ಸೇವಾ ಕ್ಲಬ್ಬಿನವರು ನನಗೆ ಸನ್ಮಾನ ಮಾಡಿದರು. ಈ ಜ್ವರ ಶುರುವಾದ ಮೇಲೆ ಅವರು ಪ್ರತಿ ತಿಂಗಳ ಸಭೆಗೂ ಒಬ್ಬ ಅತಿಥಿಯನ್ನು ಕರೆಸುತ್ತಿದ್ದಾರೆ. ಸೆಪ್ಟೆಂಬರಿನಲ್ಲಿ ಒಬ್ಬ ಡಾಕ್ಟರು ಕೈ ತೊಳೆಯುವುದನ್ನು ಕಲಿಸಿದರಂತೆ. ಅಕ್ಟೋಬರಿನಲ್ಲಿ ಒಬ್ಬ ಪಂಡಿತರು ಎಲ್ಲರಿಗೂ ಕಷಾಯ ಕುಡಿಸಿದರಂತೆ, ಇದ್ದ ಎರಡೇ ಲೋಟಗಳಲ್ಲಿ. ನವೆಂಬರಿಗೆ ಬದುಕಿ ಬಂದವನೊಬ್ಬ ಬೇಕಾಗಿದ್ದ. ಯಾರಿಂದಲೋ ನನ್ನ ಸುದ್ದಿ ಕೇಳಿ ಕಾರ್ಯದರ್ಶಿ ಶ್ರೀಧರ ಮಾಸ್ತರರು ಮನೆಯವರೆಗೆ ಬಂದರು. ಒಂಬತ್ತನೆಯಲ್ಲಿ ಶಾಲೆ ಬಿಟ್ಟವನು, ಭಾಷಣ ಬರುವುದಿಲ್ಲ ಎಂದೆ. "ಎಂತಾ ಭಾಷಣ ಮಾರಾಯ? ಆದದ್ದು ಹೇಳು, ಸಾಕು" ಎಂದರು. ಆದದ್ದನ್ನು ಹೇಳಲೆಂದೇ ಒಪ್ಪಿದೆ.

ಸಭೆಯಲ್ಲಿ ಕುರ್ಚಿಗೂ ಕುರ್ಚಿಗೂ ನಡುವೆ ಒಂದೊಂದು ಮಾರು ಜಾಗ. ನನ್ನದು ವೇದಿಕೆಯ ತುದಿಯಲ್ಲಿ, ಕಿಟಕಿಯ ಬಳಿ. ಮಾಸ್ತರರು ನನ್ನ ಪರಿಚಯ ಓದಿದರು: "ಚಿಕ್ಕಮ್ಮನ ಸೇವೆ ಮಾಡುತ್ತಲೇ ತಾನೂ ಸೋಂಕು ತಗುಲಿಸಿಕೊಂಡ ತ್ಯಾಗಜೀವಿ." ಅವರ ತಪ್ಪಲ್ಲ. ಅವಳು ಆಸ್ಪತ್ರೆ ಸೇರಿದ ಮೇಲೆ ತಾನೇ ನನ್ನನ್ನೂ ಪರೀಕ್ಷಿಸಿ ಮಲಗಿಸಿದ್ದು? ಭಟ್ಕಳದ ಸಂತೆಯಲ್ಲಿ ಅವಳಿಗೆ ಹತ್ತಿತು, ಅವಳಿಂದ ನನಗೆ ಬಂತು ಎಂದು ಊರೇ ನಂಬಿದೆ. ನೀನೂ ನಂಬಿದ್ದೀಯ.

ಆಮೇಲೆ ಶಾಲು. ಅಧ್ಯಕ್ಷ ಭಾಸ್ಕರಣ್ಣ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಶಾಲು ಬಿಡಿಸಿ ಹಿಡಿದು ಬಂದವರು ಮೂರು ಹೆಜ್ಜೆ ದೂರದಲ್ಲೇ ನಿಂತುಬಿಟ್ಟರು.

"ಅಂವಂಗೆ ಗುಣ ಆಗಿ ಎರಡು ತಿಂಗಳಾತು, ಹೆದ್ರಬೇಡಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಹಂಗಾರೆ ನೀನೇ ಬಂದು ಹೊದಿಸು!"

ಎಲ್ಲರೂ ನಕ್ಕರು. ಕೊನೆಗೆ ಶಾಲನ್ನು ಮೇಜಿನ ಮೇಲಿಟ್ಟು, "ನೀವೇ ಹೊದ್ಕಳಿ, ಆತಾ?" ಎಂದರು. ಫೋಟೋದವನು ಕಾದು ನಿಂತಿದ್ದ. ನಾನು ಅದನ್ನು ಮುಟ್ಟಲಿಲ್ಲ.

ಮೈಕಿನ ಮುಂದೆ ನಿಂತು ಹೇಳಿಬಿಟ್ಟೆ: "ಅವಳಿಂದ ನನಗೆ ಬಂದದ್ದಲ್ಲ. ನನ್ನಿಂದ ಅವಳಿಗೆ ಬಂತು. ಪುಣೆಯಿಂದ ಜ್ವರ ತಂದು ಮುಚ್ಚಿಟ್ಟವನು ನಾನು." ಬಯ್ಯುತ್ತಾರೆಂದು ಕಾದೆ, ಬಯ್ದಿದ್ದರೆ ಒಳ್ಳೆಯದಿತ್ತು. ವಂದನಾರ್ಪಣೆಗೆ ಎದ್ದ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು, "ತಪ್ಪನ್ನೆಲ್ಲ ತನ್ನ ಮೇಲೇ ಹೊತ್ತುಕೊಳ್ಳುವ ಈ ಹುಡುಗನ ವಿನಯ ನೋಡಿ" ಎಂದರು. ಚಪ್ಪಾಳೆ ಬಿತ್ತು ಪಾಂಡಣ್ಣ, ಮೊದಲಿಗಿಂತ ಜೋರಾಗಿ.

ಹೊರಗೆ ಅವರ ಬೆನ್ನು ಹತ್ತಿ, "ಸರ್, ನಾ ಹೇಳಿದ್ದು ಖರೆ" ಎಂದೆ. "ಗೊತ್ತಾತು ತಮ್ಮಾ. ದುಃಖದಲ್ಲಿ ಎಲ್ಲರಿಗೂ ಹಂಗೇ ಅನಿಸ್ತದೆ" ಎಂದು ಉಪ್ಪಿಟ್ಟಿನ ಪೊಟ್ಟಣವನ್ನು ಕೈ ಉದ್ದ ಮಾಡಿ ಕೊಟ್ಟರು.

ಇವತ್ತಿನ ಪೇಪರಿನಲ್ಲಿಯೂ ನಾನು ತ್ಯಾಗಜೀವಿಯೇ. ಯಾರಾದರೂ ಅದನ್ನು ನಿನಗೆ ಓದಿ ಹೇಳಿ, ನೀನು ನನ್ನ ಬಗ್ಗೆ ಹೆಮ್ಮೆ ಪಡುವ ಮೊದಲು ಈ ಪತ್ರ ಮುಟ್ಟಲಿ. ಅವರು ನಂಬದಿದ್ದರೆ ಬೇಡ, ನೀನು ನಂಬು. ನಂಬಿದ ಮೇಲೆ ನನ್ನನ್ನು ತಮ್ಮ ಎನ್ನುವುದು, ಬಿಡುವುದು ನಿನಗೆ ಸೇರಿದ್ದು.

ಅತ್ತಿಗೆಗೆ ನಮಸ್ಕಾರ. ಪುಟ್ಟ ದೀಪಾಗೆ ನನ್ನ ಆಶೀರ್ವಾದ. ಅವಳು ಗಟ್ಟಿಯಾಗಿ ಬೆಳೆಯಲಿ. ಕಡಲಿನಲ್ಲಿ ದೇವರು ನಿನ್ನನ್ನು ಕಾಯಲಿ.

ನಿನ್ನ
ಮಾಬ್ಲ

ತಾ.ಕ.: ಸಭೆಯಲ್ಲಿ ಹೇಳದೆ ಉಳಿದದ್ದು ಒಂದಿದೆ. ಚಿಕ್ಕಮ್ಮನನ್ನು ದವಾಖಾನೆಗೆ ಕರೆದೊಯ್ದ ಮೊದಲ ದಿನ ಡಾಕ್ಟರು, "ಮನೆಗೆ ಪುಣೆ, ಮುಂಬೈ ಕಡೆಯಿಂದ ಯಾರಾದರೂ ಬಂದಿದ್ದಾರಾ?" ಎಂದು ಕೇಳಿದರು. ಬಂದಿದ್ದರೆ ಈ ಜ್ವರದ ಮಾತ್ರೆ ಇವತ್ತೇ ಶುರು ಮಾಡಬೇಕು ಎಂದೂ ಹೇಳಿದರು. ನನ್ನನ್ನು ಎಲ್ಲಿಗೋ ಹಿಡಿದೊಯ್ಯುತ್ತಾರೆಂದು ಅವಳಿಗೆ ಹೆದರಿಕೆ. ನನ್ನ ಕೈಯನ್ನು ಸೆರಗಿನ ಮರೆಯಲ್ಲಿ ಗಟ್ಟಿಯಾಗಿ ಅದುಮಿ, "ಯಾರೂ ಬರ್ಲಿಲ್ಲ ಡಾಕ್ಟ್ರೇ. ಇಂವ ಗೋವಾದಲ್ಲಿದ್ದಂವ" ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ಬಾಯಿ ಮುಚ್ಚಿಕೊಂಡಿರಲಾರದೆ ಶಾಲೆಯಿಂದ, ಮೂರು ಹೊಟೇಲುಗಳಿಂದ ಹೊರಬಿದ್ದ ನಾನು ಅಂದು "ಹೌದು" ಎಂದೆ. ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ಆ ಮಾತ್ರೆ ಅವಳ ಬಾಯಿಗೆ ಬಿದ್ದದ್ದು ಉಸಿರು ಕಟ್ಟಿ ದೊಡ್ಡಾಸ್ಪತ್ರೆಗೆ ಒಯ್ದ ಮೇಲೆ, ಐದು ದಿನ ತಡವಾಗಿ.

ಬೀಗದ ಕೈ ಪಕ್ಕದ ಮನೆಯ ಸುಬ್ಬಣ್ಣನ ಹತ್ತಿರ ಇದೆ. ನಾನು ನಾಳೆ ಬೆಳಿಗ್ಗೆ ಊರು ಬಿಡುತ್ತೇನೆ.